ಸೌಗಂಧಿಕ: ಹೂವೋ, ಕಲ್ಲೋ?

‘ಸೌಗಂಧಿಕ’ವೆಂದೊಡನೆ ಮುಂಬಯಿಯ ಕನ್ನಡಿಗರಿಗೆ ನೆನಪಾಗುವುದು ಕುಮಾರವ್ಯಾಸ ಭಾರತದ ಅರಣ್ಯಪರ್ವ, ದ್ರೌಪದಿಯ ಬಯಕೆಯನ್ನು ಸಲ್ಲಿಸಲೆಂದು ಭೀಮಸೇನನು ಕುಬೇರನ ಸರೋವರದಿಂದ ತಂದ ಹೂವು. ಆದರೆ ಝವೇರಿ ಬಜಾರಿನಲ್ಲಿ ಬೆಲೆಕಟ್ಟುವ ಮಾಣಿಕ್ಯಕ್ಕೂ ಗ್ರಂಥಿಗೆ ಅಂಗಡಿಯಲ್ಲಿ ದೊರೆಯುವ ಗಂಧಕಕ್ಕೂ ಸಂಸ್ಕೃತದಲ್ಲಿ ಇದೇ ಹೆಸರು ಸಲ್ಲುತ್ತಿದ್ದಿತೆಂಬುದು ಅಷ್ಟಾಗಿ ಪರಿಚಿತವಾದ ಸಂಗತಿಯಲ್ಲ.

ಅಮರಕೋಶದಲ್ಲಿ ಈ ಶಬ್ದವು ಮೂರು ಕಡೆ ಬರುತ್ತದೆ. ವಾರಿವರ್ಗದಲ್ಲಿ ಅದು ಕಲ್ಹಾರವೆಂಬ ನೀರುಹೂವು. ವನೌಷಧಿವರ್ಗದಲ್ಲಿ ಒಂದು ಬಗೆಯ ಸುವಾಸನೆಯ ಹುಲ್ಲು. ವೈಶ್ಯವರ್ಗದಲ್ಲಿ ಗಂಧಾಶ್ಮ, ಎಂದರೆ ಗಂಧಕ. ಮೂರಕ್ಕೂ ಸಾಮಾನ್ಯವಾದುದು ಗಂಧ. ಹೂವು ಹುಲ್ಲುಗಳದು ಪರಿಮಳ. ಗಂಧಕದ್ದು ಉರಿಸಿದಾಗ ಮೂಗಿಗೆ ಅಡರುವ ತೀಕ್ಷ್ಣ ವಾಸನೆ.

ಮಾಣಿಕ್ಯಕ್ಕಾದರೋ ಯಾವ ವಾಸನೆಯೂ ಇಲ್ಲ. ಆದರೂ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಿಂದ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಬೊಕ್ಕಸಕ್ಕೆ ಸೇರಬೇಕಾದ ರತ್ನಗಳನ್ನು ಪರೀಕ್ಷಿಸುವ ಪ್ರಕರಣದಲ್ಲಿ, ಸೌಗಂಧಿಕವು ಪದ್ಮರಾಗದ ಜೊತೆಯಲ್ಲಿಯೇ ಎಣಿಸಲ್ಪಟ್ಟಿದೆ. ‘ಪದ್ಮರಾಗ’ವೆಂಬ ಹೆಸರಿನಂತೆ ಇಲ್ಲಿಯೂ ಹೂವಿನ ಬಣ್ಣವೇ ಹೆಸರಿಗೆ ಆಧಾರವೆಂದು ತೋರುತ್ತದೆ.

ತೊಡಕು ಎದುರಾಗುವುದು 6ನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ. ಸೌಗಂಧಿಕ, ಕುರುವಿಂದ, ಸ್ಫಟಿಕ ಈ ಮೂರರಿಂದ ಪದ್ಮರಾಗದ ಉತ್ಪತ್ತಿಯೆಂದು ಅವನು ಹೇಳುತ್ತಾನೆ. ಸೌಗಂಧಿಕವನ್ನು ಗಂಧಕವೆಂದು ಭಾಷಾಂತರಿಸಿದರೆ ಮಾಣಿಕ್ಯವು ಗಂಧಕದಿಂದ ಹುಟ್ಟಿತೆಂದಾಗುತ್ತದೆ. ಮಾಣಿಕ್ಯದಲ್ಲಿರುವುದಾದರೋ ಅಲ್ಯುಮಿನಿಯಂ ಮತ್ತು ಆಮ್ಲಜನಕ. ಅದರ ಕೆಂಪಿಗೆ ಕಾರಣ ಅಲ್ಪ ಪ್ರಮಾಣದ ಕ್ರೋಮಿಯಂ. ಇನ್ನು ಕುರುವಿಂದವೂ ದ್ವ್ಯರ್ಥಿಯೇ. ಅಮರಸಿಂಹನಿಗೆ ಅದು ಮುಸ್ತೆ, ನಮ್ಮ ಕೊನ್ನಾರಿಗಡ್ಡೆ. ರತ್ನಶಾಸ್ತ್ರಕ್ಕೆ ಕೆಂಪು ಕಲ್ಲು. ಇಂಗ್ಲಿಷಿನ ‘ಕೊರಂಡಂ’ ಎಂಬ ಖನಿಜನಾಮವು ಈ ಶಬ್ದದ ಬಳಗದ್ದೇ. ಮಾಣಿಕ್ಯ, ನೀಲಗಳೆರಡೂ ಆ ಖನಿಜದ ಪ್ರಭೇದಗಳು. ಗಡ್ಡೆಯಿಂದ ರತ್ನ ಹುಟ್ಟಿತೆಂದು ಯಾರೂ ಅರ್ಥಮಾಡಲಾರರು. ಅದೇ ವಿವೇಕವು ಪಕ್ಕದ ಸೌಗಂಧಿಕಕ್ಕೂ ಸಲ್ಲಬೇಕು.

ರತ್ನಶಾಸ್ತ್ರದಲ್ಲಿ ಇಂಥ ತಪ್ಪಿನಿಂದ ಆಗುವುದು ನಗೆಪಾಟಲು ಮಾತ್ರ; ವೈದ್ಯಗ್ರಂಥದಲ್ಲಿ ಹೂವಿನ ಸ್ಥಾನಕ್ಕೆ ಗಂಧಕ ಬಂದರೆ ಅದು ರೋಗಿಯ ಹೊಟ್ಟೆಗೆ ಸೇರುತ್ತದೆ. ಆದುದರಿಂದ ಹಳೆಯ ಗ್ರಂಥಗಳನ್ನು ಕನ್ನಡಿಸುವವರು ನಿಘಂಟಿನ ಮೊದಲ ಅರ್ಥಕ್ಕೆ ತೃಪ್ತರಾಗದೆ, ಶಬ್ದವು ಯಾವ ವರ್ಗದಲ್ಲಿ, ಯಾವ ನೆರೆಹೊರೆಯಲ್ಲಿ ನಿಂತಿದೆಯೆಂಬುದನ್ನು ಮೊದಲು ನೋಡತಕ್ಕದ್ದು. ಅಮರಸಿಂಹನು ಶಬ್ದಗಳನ್ನು ಅಕಾರಾದಿಯಾಗಿ ಜೋಡಿಸದೆ ವರ್ಗಗಳಾಗಿ ವಿಂಗಡಿಸಿದುದರ ಪ್ರಯೋಜನವು ಇಲ್ಲಿ ಸ್ಪಷ್ಟವಾಗುತ್ತದೆ.