ಬಿಟ್ಟಲ್ಲೇ ನಿಲ್ಲುವ ದೀಪ

ಮೇಜಿನ ದೀಪ ಕೊಳ್ಳುವಾಗ ಅಂಗಡಿಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ದೀಪದ ತಲೆಯನ್ನು ಒಂದೇ ಬೆರಳಿನಿಂದ ಕೆಳಕ್ಕೆ ಒತ್ತಿ, ಕೈ ಬಿಡಿ. ಬಿಟ್ಟಲ್ಲೇ ನಿಂತರೆ ಮಾಡಿದವರು ಬುದ್ಧಿ ಖರ್ಚು ಮಾಡಿದ್ದಾರೆ ಎಂದರ್ಥ. ಅಗ್ಗದ ದೀಪಗಳಲ್ಲಿ ಬಹಳಷ್ಟು ನಿಂತಿರುವುದು ಕೀಲಿನ ಬಿಗಿಯ ಮೇಲೆ. ಪ್ಲಾಸ್ಟಿಕ್ ತಿರುಪು ಸವೆಯುವ ತನಕ ನಿಲ್ಲುತ್ತವೆ. ಆಮೇಲೆ ಓದುತ್ತ ಕೂತವರ ಪುಸ್ತಕದ ಮೇಲೆ ಮೆಲ್ಲಗೆ ಕುಸಿಯುತ್ತವೆ. ಪರೀಕ್ಷೆಗೆ ಓದುವ ಮಕ್ಕಳ ಮೇಜಿನ ಮೇಲೆ ಇಂಥ ದೀಪ ಕಂಡರೆ ನನಗೆ ಸಂಕಟವಾಗುತ್ತದೆ. ಈ ತೊಂದರೆಗೆ ಪರಿಹಾರ ಸಿಕ್ಕಿ ತೊಂಬತ್ತು ವರ್ಷ ದಾಟಿದೆ.

ಪರಿಹಾರ ಕಂಡುಕೊಂಡವರು ಇಂಗ್ಲೆಂಡಿನ ಬಾತ್ ನಗರದ ಎಂಜಿನಿಯರ್ ಜಾರ್ಜ್ ಕಾರ್ವರ್ಡೈನ್. ಅವರ ಕಸುಬು ಕಾರುಗಳ ಸಸ್ಪೆನ್ಷನ್. ದಿನವಿಡೀ ಸ್ಪ್ರಿಂಗುಗಳ ಜತೆಗೇ ಒಡನಾಟ. ಯಾವ ಕಡೆಗೆ ಸರಿಸಿದರೂ ಅಲ್ಲೇ ನಿಲ್ಲುವ ತೋಳೊಂದನ್ನು ಅವರು ಸ್ಪ್ರಿಂಗಿನಿಂದ ಸಾಧಿಸಿದರು. ಅದು ದೀಪಕ್ಕೆ ಒದಗೀತು ಎಂದು ಹೊಳೆದದ್ದು ಆಮೇಲೆ. 1932ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ರೆಡ್ಡಿಚ್‌ನಲ್ಲಿ ಸ್ಪ್ರಿಂಗ್ ತಯಾರಿಸುತ್ತಿದ್ದ ಹರ್ಬರ್ಟ್ ಟೆರಿ ಅಂಡ್ ಸನ್ಸ್ ಕಂಪನಿ ಅದನ್ನು ‘ಆಂಗಲ್‌ಪಾಯ್ಸ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಮೊದಲು ಬಂದದ್ದು ನಾಲ್ಕು ಸ್ಪ್ರಿಂಗಿನ 1208 ಮಾದರಿ, ವರ್ಕ್‌ಶಾಪ್‌ನಂಥ ಕೆಲಸದ ಜಾಗಗಳಿಗೆ. 1935ರಲ್ಲಿ ಮನೆಗಳಿಗೆಂದು ಮೂರು ಸ್ಪ್ರಿಂಗಿನ 1227 ಬಂತು. ಒಂದು ಸ್ಪ್ರಿಂಗ್ ಕಡಿಮೆ, ಮೆಟ್ಟಿಲು ಮೆಟ್ಟಿಲಾದ ಚೌಕ ಪೀಠ. ಇವತ್ತಿಗೂ ಅದರ ರೂಪದಲ್ಲಿ ತೆಗೆದುಹಾಕಬೇಕಾದ್ದು ಏನೂ ನನಗೆ ಕಾಣುವುದಿಲ್ಲ.

ಇದರ ಒಳಗುಟ್ಟು ಸ್ವಲ್ಪ ನಿಧಾನವಾಗಿ ನೋಡುವಂಥದ್ದು. ತೋಳು ನೆಟ್ಟಗಿದ್ದಾಗ ದೀಪದ ತಲೆಯ ಭಾರ ಕೀಲನ್ನು ತಿರುಗಿಸುವುದಿಲ್ಲ. ಬಾಗಿಸಿದಷ್ಟೂ ತಿರುಗಿಸುವ ಬಲ ಏರುತ್ತದೆ. ತೋಳು ನೆಲಕ್ಕೆ ಸಮಾನಾಂತರವಾದಾಗ ಅದು ಗರಿಷ್ಠ. ಹಾಗಾದರೆ ಸ್ಪ್ರಿಂಗಿನ ಪ್ರತಿಬಲವೂ ಇದೇ ಲೆಕ್ಕದಲ್ಲಿ ಏರಬೇಕು, ಇಳಿಯಬೇಕು. ಸ್ಪ್ರಿಂಗಿನ ಒಂದು ಕೊಕ್ಕೆಯನ್ನು ಕೀಲಿನ ನೇರ ಮೇಲೆ, ಇನ್ನೊಂದನ್ನು ತೋಳಿನ ಮೇಲೆ ಸಿಕ್ಕಿಸಿದರೆ ಇದು ಸಾಧ್ಯ. ಆದರೆ ಒಂದು ಷರತ್ತಿದೆ: ಸ್ಪ್ರಿಂಗಿನ ಎಳೆತ ಅದರ ಪೂರ್ತಿ ಉದ್ದಕ್ಕೆ ಅನುಪಾತದಲ್ಲಿರಬೇಕು, ಹಿಗ್ಗಿದ ಭಾಗಕ್ಕೆ ಮಾತ್ರವಲ್ಲ. ಸಾಮಾನ್ಯ ಸ್ಪ್ರಿಂಗ್ ಹಾಗಿರುವುದಿಲ್ಲ. ತಂತಿ ಸುತ್ತುವಾಗಲೇ ಸುರುಳಿಗಳು ಒಂದನ್ನೊಂದು ಬಿಗಿಯಾಗಿ ಒತ್ತಿಕೊಳ್ಳುವಂತೆ ಮಾಡಿದರೆ, ಒಂದು ಮಟ್ಟದ ಬಲ ಬೀಳುವ ತನಕ ಅದು ಬಾಯಿ ಬಿಡುವುದೇ ಇಲ್ಲ. ಆ ಬಿಗಿಯನ್ನು ಸರಿಯಾಗಿ ಹೊಂದಿಸಿದಾಗ ಷರತ್ತು ಪೂರೈಸುತ್ತದೆ. ಆಗ ಭಾರ ಮತ್ತು ಎಳೆತ ಎಲ್ಲ ಕೋನಗಳಲ್ಲೂ ಸಮ. ನಮ್ಮ ಮೊಣಕೈಯನ್ನು ಸ್ನಾಯುಗಳು ಹಿಡಿದು ನಿಲ್ಲಿಸುವಂತೆಯೇ ಸ್ಪ್ರಿಂಗುಗಳು ದೀಪವನ್ನು ಹಿಡಿದಿಡುತ್ತವೆ. ಅವುಗಳನ್ನು ಪೀಠದ ಹತ್ತಿರವೇ ಇಟ್ಟದ್ದು ಇನ್ನೊಂದು ಜಾಣತನ: ಕಬ್ಬಿಣದ ತೂಕ ಕೆಳಗೇ ಉಳಿದು ಮೇಲಿನ ತೋಳು ಹಗುರವಾಯಿತು.

1937ರಲ್ಲಿ ನಾರ್ವೆಯ ಯಾಕ್ ಯಾಕೊಬ್ಸೆನ್ ಇದರ ಹಕ್ಕು ಪಡೆದು ‘ಲುಕ್ಸೊ ಎಲ್-1’ ತಯಾರಿಸಿದರು. ಪಿಕ್ಸಾರ್ ಸ್ಟುಡಿಯೊ 1986ರ ಕಿರುಚಿತ್ರದಲ್ಲಿ ಕುಣಿಸಿದ್ದು ಆ ವಂಶದ ದೀಪವನ್ನೇ. 2009ರಲ್ಲಿ ಬ್ರಿಟನ್ನಿನ ಅಂಚೆ ಇಲಾಖೆ ಆಂಗಲ್‌ಪಾಯ್ಸ್‌ನ ಚಿತ್ರವಿರುವ ಅಂಚೆಚೀಟಿಯನ್ನೂ ತಂದಿತು. ನಮ್ಮೂರುಗಳಲ್ಲಿ ಗಡಿಯಾರ ರಿಪೇರಿ ಮಾಡುವವರ ಕಿರಿದಾದ ಮೇಜಿನ ಮೇಲೆ ಇದೇ ಬಗೆಯ ತೋಳಿನ ದೀಪಗಳನ್ನು ನೀವು ನೋಡಿರುತ್ತೀರಿ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟ ಹಿಡಿದ ಕೈಯನ್ನು ಅಲುಗಿಸದೆ, ಇನ್ನೊಂದು ಕೈಯಿಂದ ದೀಪವನ್ನು ಒಂದಿಂಚು ಈಚೆಗೆ ಎಳೆಯುತ್ತಾರೆ. ದೀಪದ ಕಡೆ ನೋಡುವುದೂ ಇಲ್ಲ.

ಸ್ವಂತ ದೀಪ ಮಾಡುವ ಆಸೆಯಿರುವ ಕಾಲೇಜು ಹುಡುಗ ಹುಡುಗಿಯರಿಗೆ ನಾನು ಹೇಳುವುದಿಷ್ಟೆ: ಕಂಪ್ಯೂಟರಿನಲ್ಲಿ ಚಂದದ ಚಿತ್ರ ಬರೆಯುವ ಮುನ್ನ ರಟ್ಟು ಕತ್ತರಿಸಿ. ಎರಡು ರಟ್ಟಿನ ಪಟ್ಟಿ, ಕೀಲಿಗೆ ನಟ್ಟು ಬೋಲ್ಟು, ತುದಿಯಲ್ಲಿ ಟೇಪಿನಿಂದ ಅಂಟಿಸಿದ ನಾಲ್ಕಾರು ನಾಣ್ಯ. ಇಷ್ಟಿದ್ದರೆ ಬೆಳಕಿಲ್ಲದೆಯೇ ಅರ್ಧ ದೀಪ ಸಿದ್ಧ. ಅದನ್ನು ನಿಜವಾದ ಮೇಜಿನ ಮೇಲಿಟ್ಟು, ಪುಸ್ತಕ ತೆರೆದು ಕೂತು ನೋಡಿ. ಬಲಗೈಯಲ್ಲಿ ಬರೆಯುವವರಿಗೆ ದೀಪ ಎಡಕ್ಕಿರಬೇಕು, ಇಲ್ಲವಾದರೆ ಕೈಯ ನೆರಳು ಅಕ್ಷರದ ಮೇಲೇ ಬೀಳುತ್ತದೆ. ಬುರುಡೆ ಕಣ್ಣಿಗೆ ನೇರವಾಗಿ ಕಾಣದಷ್ಟು ಶೇಡಿನ ಅಂಚು ಕೆಳಗಿರಬೇಕು. ತೋಳು ಎಷ್ಟುದ್ದ ಬೇಕು, ಪೀಠ ಎಷ್ಟು ಭಾರವಿದ್ದರೆ ದೀಪ ಮುಗ್ಗರಿಸುವುದಿಲ್ಲ ಎಂಬುದನ್ನೆಲ್ಲ ರಟ್ಟು ಒಂದು ಸಂಜೆಯಲ್ಲಿ ಕಲಿಸುತ್ತದೆ. ಅದೇ ತಪ್ಪನ್ನು ಲೋಹದಲ್ಲಿ ಕಂಡುಕೊಳ್ಳಲು ವೆಲ್ಡಿಂಗ್ ಅಂಗಡಿಗೆ ಅಲೆಯಬೇಕಾಗುತ್ತದೆ, ದುಡ್ಡೂ ಹೋಗುತ್ತದೆ.

ಸ್ಪ್ರಿಂಗ್ ಹುಡುಕುವುದು ಕೊನೆಯ ಕೆಲಸ. ಅದಕ್ಕೂ ಮೊದಲು ಶೇಡು, ಹೋಲ್ಡರ್, ಎಲ್‌ಇಡಿ ಬಲ್ಬು ಮೂರನ್ನೂ ಒಟ್ಟಿಗೆ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿ ಬರೆದುಕೊಳ್ಳಿ. ಮುಂದೆ ಬೇರೆ ತೂಕದ ಬಲ್ಬು ಹಾಕಿದರೆ ಸ್ಪ್ರಿಂಗಿನ ಲೆಕ್ಕವನ್ನು ಮತ್ತೆ ಮಾಡಬೇಕು. ಅದಕ್ಕೆಂದೇ ಮೇಲಿನ ಕೊಕ್ಕೆಯ ಜಾಗದಲ್ಲಿ ಒಂದರ ಮೇಲೊಂದು ಮೂರ್ನಾಲ್ಕು ತೂತು ಕೊರೆದಿಟ್ಟಿರಿ.