ಉಬ್ಬಸದ ಮದ್ದಿಗೆ ಉಸಿರೇ ಹತ್ತಿರದ ದಾರಿ

ನಮ್ಮ ಯಾವುದೇ ತಾಲ್ಲೂಕು ಕೇಂದ್ರದ ಔಷಧಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ‘ದಮ್ಮಿನ ಗುಳಿಗಿ ಕೊಡ್ರಿ’ ಎಂದು ಯಾರಾದರೂ ಕೇಳುವುದು ಕಿವಿಗೆ ಬೀಳುತ್ತದೆ. ಅಂಥ ಗುಳಿಗೆಗಳಲ್ಲಿ ಬಹಳ ಬಳಕೆಯಲ್ಲಿರುವುದು ಸಾಲ್ಬುಟಮಾಲ್. ಗುಳಿಗೆಯಲ್ಲಿ ಅದರ ಪ್ರಮಾಣ 2 ಅಥವಾ 4 ಮಿಲಿಗ್ರಾಂ. ಅದೇ ಔಷಧಿಯ ಇನ್ಹೇಲರನ್ನು ಒಂದು ಸಲ ಒತ್ತಿದರೆ ಹೊರಬರುವುದು 100 ಮೈಕ್ರೊಗ್ರಾಂ. ಲೆಕ್ಕ ಹಾಕಿ: 4 ಮಿಲಿಗ್ರಾಂನ ಒಂದು ಗುಳಿಗೆ ನುಂಗಿದವರು ಇನ್ಹೇಲರನ್ನು ನಲವತ್ತು ಸಲ ಒತ್ತಿದಾಗ ಬರುವಷ್ಟು ಔಷಧಿಯನ್ನು ಹೊಟ್ಟೆಗೆ ಇಳಿಸಿರುತ್ತಾರೆ.

ಆದರೂ ನಮ್ಮ ಮನೆಗಳಲ್ಲಿ ಗುಳಿಗೆ ಎಂದರೆ ಸೌಮ್ಯ, ಇನ್ಹೇಲರ್ ಎಂದರೆ ‘ಕೊನೇ ಹಂತದ್ದು’. ‘ಪಂಪು ಹಿಡಿದರೆ ಬಿಡೋಕಾಗಲ್ಲ’, ‘ಹೆಣ್ಣುಮಗು, ನಾಳೆ ಮದುವೆ ಆಗಬೇಕು’ ಎಂಬ ಮಾತುಗಳಿಗೆ ಹೆದರಿ ಇನ್ಹೇಲರನ್ನು ಬೀರುವಿನಲ್ಲಿ ಬಟ್ಟೆಯ ಕೆಳಗೆ ಬಚ್ಚಿಡುವವರಿದ್ದಾರೆ. ಈ ಹೆದರಿಕೆಗೆ ಆಧಾರವಿಲ್ಲ. ಯಾಕಿಲ್ಲ ಎಂದು ತಿಳಿಯಬೇಕಾದರೆ ಉಸಿರೂ ರಕ್ತವೂ ಸಾಗುವ ದಾರಿಯನ್ನು ಒಮ್ಮೆ ನೋಡಬೇಕು.

ಒಂದು ನಿಮಿಷದ ಸುತ್ತು

ನಾವು ಸುಮ್ಮನೆ ಕುಳಿತಿರುವಾಗ ನಿಮಿಷಕ್ಕೆ ಹನ್ನೆರಡರಿಂದ ಹದಿನಾರು ಬಾರಿ ಉಸಿರಾಡುತ್ತೇವೆ. ಪ್ರತಿ ಸಲ ಒಳಹೋಗುವುದು ಹೆಚ್ಚುಕಡಿಮೆ ಅರ್ಧ ಲೀಟರ್ ಗಾಳಿ. ಮೂಗಿನಲ್ಲಿ ಬೆಚ್ಚಗಾಗಿ, ತೇವಗೊಂಡು ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಆ ನಾಳ ಎದೆಯೊಳಗೆ ಎರಡಾಗಿ ಸೀಳುತ್ತದೆ, ಎರಡು ನಾಲ್ಕಾಗುತ್ತದೆ. ಹೀಗೆ ಸುಮಾರು 23 ಬಾರಿ ಕವಲೊಡೆಯುತ್ತದೆ. ಮೇಲಿನ ದೊಡ್ಡ ನಾಳಗಳಿಗೆ ಮೃದ್ವಸ್ಥಿಯ ಆಸರೆ ಇದೆ. ಕೆಳಗಿನ ಕಿರುನಾಳಗಳು ಒಂದು ಮಿಲಿಮೀಟರಿಗಿಂತ ಸಣ್ಣವು, ಅವುಗಳಿಗೆ ಆ ಆಸರೆಯಿಲ್ಲ. ಸುತ್ತ ಇರುವುದು ತೆಳ್ಳನೆಯ ಸ್ನಾಯು ಮಾತ್ರ. ಈ ಸ್ನಾಯು ಬಿಗಿದುಕೊಂಡರೆ ಏನಾಗುತ್ತದೆ ಎಂಬುದನ್ನು ಮುಂದೆ ನೋಡೋಣ.

ಕವಲುಗಳ ತುದಿಯಲ್ಲಿ ಗಾಳಿಗೂಡುಗಳಿವೆ, ಕೋಟಿಗಟ್ಟಲೆ. ಅವನ್ನೆಲ್ಲ ಬಿಚ್ಚಿ ಹರವಿದರೆ ಸುಮಾರು 70 ಚದರ ಮೀಟರ್, ಅಂದರೆ ಹೆಚ್ಚೂಕಡಿಮೆ ಒಂದು ಷಟಲ್ ಬ್ಯಾಡ್ಮಿಂಟನ್ ಅಂಕಣದಷ್ಟು ಜಾಗ. ಗಾಳಿಗೂಡಿನ ಒಳಗೆ ಗಾಳಿ, ಹೊರಗೆ ಲೋಮನಾಳದಲ್ಲಿ ರಕ್ತ. ನಡುವಿನ ಪೊರೆಯ ದಪ್ಪ ಒಂದು ಮೈಕ್ರಾನ್ ಕೂಡ ಇಲ್ಲ.

ರಕ್ತವನ್ನು ಅಲ್ಲಿಗೆ ತಲುಪಿಸುವುದು ಹೃದಯದ ಬಲಭಾಗ. ಮೈಯೆಲ್ಲ ಸುತ್ತಿ ಆಮ್ಲಜನಕ ಕಳೆದುಕೊಂಡ ರಕ್ತವನ್ನು ಅದು ಶ್ವಾಸಕೋಶಕ್ಕೆ ನೂಕುತ್ತದೆ. ಅಲ್ಲಿ ಒಂದು ಕೆಂಪು ರಕ್ತಕಣಕ್ಕೆ ಸಿಗುವ ಸಮಯ ಸುಮಾರು ಮುಕ್ಕಾಲು ಸೆಕೆಂಡು. ಅಷ್ಟರಲ್ಲೇ ಅದು ಇಂಗಾಲದ ಡೈಆಕ್ಸೈಡನ್ನು ಬಿಟ್ಟು ಆಮ್ಲಜನಕ ತುಂಬಿಕೊಂಡು ಹೃದಯದ ಎಡಭಾಗಕ್ಕೆ ಬರುತ್ತದೆ. ಎಡಭಾಗ ಅದನ್ನು ಇಡೀ ದೇಹಕ್ಕೆ ಕಳಿಸುತ್ತದೆ. ವಿಶ್ರಾಂತಿಯಲ್ಲಿದ್ದಾಗ ಹೃದಯ ನಿಮಿಷಕ್ಕೆ ಸುಮಾರು ಐದು ಲೀಟರ್ ರಕ್ತ ನೂಕುತ್ತದೆ. ನಮ್ಮ ಮೈಯಲ್ಲಿರುವ ರಕ್ತವೂ ಹೆಚ್ಚುಕಡಿಮೆ ಅಷ್ಟೇ. ಹೀಗಾಗಿ ಮೈಯ ರಕ್ತವೆಲ್ಲ ನಿಮಿಷಕ್ಕೊಮ್ಮೆ ಶ್ವಾಸಕೋಶವನ್ನು ಹಾದುಹೋಗುತ್ತದೆ.

ಹೃದಯದ ಬಲಭಾಗದಿಂದ ಎಡಭಾಗಕ್ಕೆ ರಕ್ತ ಶ್ವಾಸಕೋಶದ ಮೂಲಕವೇ ಬರಬೇಕು ಎಂದು 13ನೇ ಶತಮಾನದಲ್ಲೇ ಬರೆದವರು ಕೈರೋದ ವೈದ್ಯ ಇಬ್ನ್ ಅಲ್ ನಫೀಸ್. ರಕ್ತ ಸುತ್ತುತ್ತಲೇ ಇರುತ್ತದೆ ಎಂಬುದನ್ನು ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ಸಾಧಿಸಿ ತೋರಿಸಿದರು. ಆ ಸುತ್ತಿನ ಕೊನೆಯ ಕೊಂಡಿಯಾದ ಲೋಮನಾಳಗಳನ್ನು ಇಟಲಿಯ ಮಾಲ್ಪೀಗಿ 1661ರಲ್ಲಿ ಸೂಕ್ಷ್ಮದರ್ಶಕದಲ್ಲಿ ಕಂಡರು. ಕಂಡದ್ದು ಕಪ್ಪೆಯ ಶ್ವಾಸಕೋಶದಲ್ಲಿ.

ನಾಳ ಇಕ್ಕಟ್ಟಾದಾಗ

ಉಬ್ಬಸದಲ್ಲಿ ಗಾಳಿಗೂಡುಗಳು ಚೆನ್ನಾಗಿಯೇ ಇರುತ್ತವೆ, ಹೃದಯವೂ ಚೆನ್ನಾಗಿರುತ್ತದೆ. ಕೆಟ್ಟಿರುವುದು ಗಾಳಿ ಸಾಗುವ ದಾರಿ. ನಾಳದ ಒಳಪೊರೆ ಸದಾ ಸ್ವಲ್ಪ ಉರಿಯೂತದಿಂದ ಕೆಂಪಾಗಿ, ಊದಿಕೊಂಡಿರುತ್ತದೆ. ಧೂಳು, ಪರಾಗ, ಹೊಗೆ, ನೆಗಡಿಯ ವೈರಾಣು, ಥಂಡಿ ಗಾಳಿ, ಹೀಗೆ ಏನೋ ಒಂದು ಕೆರಳಿಸಿದ ಕೂಡಲೇ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಊತ ಹೆಚ್ಚುತ್ತದೆ, ಅಂಟು ಕಫ ಕಟ್ಟುತ್ತದೆ. ಒಂದು ನಾಳದ ಅಗಲ ಅರ್ಧಕ್ಕೆ ಇಳಿದರೆ ಅದರಲ್ಲಿ ಗಾಳಿ ಹರಿಯಲು ಎದುರಾಗುವ ತಡೆ ಎರಡು ಪಟ್ಟಾಗುವುದಿಲ್ಲ, ಹದಿನಾರು ಪಟ್ಟಾಗುತ್ತದೆ. ಸಂಜೆ ಸಣ್ಣ ಕೆಮ್ಮು ಇದ್ದವರು ರಾತ್ರಿ ಎದ್ದು ಕೂರುವಷ್ಟು ಬೇಗ ಕಂಗೆಡುವುದು ಇದೇ ಕಾರಣಕ್ಕೆ.

ನೋಡುವವರಿಗೆ ರೋಗಿ ಗಾಳಿಗಾಗಿ ಬಾಯಿ ಬಿಡುತ್ತಿರುವಂತೆ ಕಾಣುತ್ತದೆ. ನಿಜವಾದ ಕಷ್ಟ ಉಸಿರು ಬಿಡುವುದರಲ್ಲಿದೆ. ಒಳಗೆಳೆಯುವಾಗ ಎದೆ ಹಿಗ್ಗಿ ನಾಳಗಳೂ ತುಸು ಅಗಲವಾಗುತ್ತವೆ. ಬಿಡುವಾಗ ಅವು ಇನ್ನಷ್ಟು ಕಿರಿದಾಗಿ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಸುಂಯ್‌ಗುಟ್ಟುವ ಸದ್ದು ಬರುವುದು ಆಗಲೇ. ಹಳೇ ಗಾಳಿ ಹೊರಹೋಗದೆ ಹೊಸದಕ್ಕೆ ಜಾಗವಿಲ್ಲ. ಬೆಳಗಿನ ಜಾವ ನಾಲ್ಕರ ಸುಮಾರಿಗೆ ನಾಳಗಳು ಎಲ್ಲರಲ್ಲೂ ಸಹಜವಾಗಿಯೇ ತುಸು ಕಿರಿದಾಗಿರುತ್ತವೆ, ಊತವನ್ನು ಅಡಗಿಸುವ ಕಾರ್ಟಿಸಾಲ್ ಕೂಡ ರಾತ್ರಿ ಹೊತ್ತು ತಗ್ಗಿರುತ್ತದೆ. ಉಬ್ಬಸದವರ ನಿದ್ದೆ ಆ ಹೊತ್ತಿನಲ್ಲೇ ಕೆಡುವುದು ಅದಕ್ಕಾಗಿ.

ಗಾಳಿ ಸರಿಯಾಗಿ ತಲುಪದ ಭಾಗಗಳಲ್ಲಿ ರಕ್ತನಾಳಗಳು ತಾವೇ ಮುದುಡಿ, ರಕ್ತವನ್ನು ಗಾಳಿಯಿರುವ ಕಡೆಗೆ ತಿರುಗಿಸಲು ನೋಡುತ್ತವೆ. ಹೃದಯ ಬಡಿತ ಏರಿಸಿಕೊಂಡು ಕೊರತೆ ತುಂಬಲು ಹೆಣಗುತ್ತದೆ. ಜೋರು ಉಬ್ಬಸದಲ್ಲಿ ನಾಡಿ ನಿಮಿಷಕ್ಕೆ 120 ದಾಟುವುದುಂಟು. ಆ ಹೊತ್ತಿನ ಎದೆಬಡಿತಕ್ಕೆ ಗಾಬರಿಯೂ ಒಂದು ಕಾರಣ, ದೇಹದ ದುಡಿಮೆಯೂ ಒಂದು ಕಾರಣ.

ಹೃದಯಕ್ಕೆ ತಟ್ಟದ ಮದ್ದಿನ ಹುಡುಕಾಟ

ಬಿಗಿದ ನಾಳವನ್ನು ಸಡಿಲಿಸುವ ಔಷಧಿಗಳ ಇತಿಹಾಸವೆಂದರೆ ಹೃದಯವನ್ನು ಕಾಡದೆ ಶ್ವಾಸನಾಳವನ್ನು ತಲುಪುವುದು ಹೇಗೆ ಎಂಬ ಹುಡುಕಾಟವೇ. ನಮ್ಮಲ್ಲಿ ಹಿಂದೆ ದತ್ತೂರಿಯ ಹೊಗೆ ಸೇದುತ್ತಿದ್ದರು. 1802ರಲ್ಲಿ ಆ ಪದ್ಧತಿ ಮದ್ರಾಸಿನಿಂದ ಬ್ರಿಟನ್‌ಗೂ ಹೋಯಿತು. 20ನೇ ಶತಮಾನದ ಮೊದಲಲ್ಲಿ ಅಡ್ರಿನಲಿನ್ ಚುಚ್ಚುಮದ್ದು ಬಂತು. ನಾಳ ತೆರೆಯುತ್ತಿತ್ತು, ಜೊತೆಗೆ ಎದೆ ಡವಗುಟ್ಟುತ್ತಿತ್ತು. ಅದೇ ಔಷಧಿಗೆ ಎರಡು ಕಡೆಯೂ ಸ್ಪಂದಿಸುವ ಬೀಟಾ ಗ್ರಾಹಕಗಳಿವೆ ಎಂಬುದನ್ನು ಅಮೆರಿಕದ ರೇಮಂಡ್ ಆಲ್ಕ್ವಿಸ್ಟ್ 1948ರಲ್ಲಿ ವಿವರಿಸಿದರು. ಹೃದಯದ್ದು ಮುಖ್ಯವಾಗಿ ಬೀಟಾ-1, ಶ್ವಾಸನಾಳದ್ದು ಬೀಟಾ-2 ಎಂದು 1967ರ ವೇಳೆಗೆ ಗೊತ್ತಾಯಿತು. ಬೀಟಾ-2ರ ಮೇಲೇ ಹೆಚ್ಚಾಗಿ ಕೆಲಸ ಮಾಡುವ ಸಾಲ್ಬುಟಮಾಲ್ 1969ರಲ್ಲಿ ಮಾರುಕಟ್ಟೆಗೆ ಬಂತು.

ಔಷಧಿ ಸಾಗುವ ದಾರಿ ಬದಲಾದದ್ದು ಅದಕ್ಕೂ ಮುಂಚೆ. ‘ನನ್ನ ಔಷಧಿ ಹೇರ್ ಸ್ಪ್ರೇಯಂತೆ ಒತ್ತಿದರೆ ಬರಬಾರದೇ’ ಎಂಬರ್ಥದ ಪ್ರಶ್ನೆಯನ್ನು ಅಮೆರಿಕದ ರೈಕರ್ ಲ್ಯಾಬೊರೇಟರೀಸ್ ಅಧ್ಯಕ್ಷ ಜಾರ್ಜ್ ಮೈಸನ್ ಅವರಿಗೆ ಕೇಳಿದ್ದು ಉಬ್ಬಸವಿದ್ದ ಅವರ ಮಗಳು. ಒತ್ತಿದರೆ ಅಳತೆ ಮಾಡಿದಷ್ಟೇ ಔಷಧಿ ಬಿಡುವ ಇನ್ಹೇಲರ್ 1956ರಲ್ಲಿ ಬಂತು.

ಗುಳಿಗೆಯ ಲೆಕ್ಕ ಈಗ ಬಿಡಿಸಿಕೊಳ್ಳುತ್ತದೆ. ನುಂಗಿದ ಗುಳಿಗೆ ಹೊಟ್ಟೆ, ಕರುಳು, ಯಕೃತ್ತು ದಾಟಿ, ರಕ್ತ ಸೇರಿ, ಹೃದಯದ ಮೂಲಕ ಮೈಯೆಲ್ಲ ಸುತ್ತುತ್ತದೆ. ಅದರಲ್ಲಿ ಒಂದು ಚೂರು ಮಾತ್ರ ಶ್ವಾಸನಾಳಕ್ಕೆ ದಕ್ಕುತ್ತದೆ. ಉಳಿದದ್ದು ಕೈ ನಡುಗಿಸುತ್ತದೆ, ಎದೆ ಹೊಡೆದುಕೊಳ್ಳುವಂತೆ ಮಾಡುತ್ತದೆ. ಕೆಲಸ ಶುರುವಾಗಲು ಅರ್ಧ ಗಂಟೆಯಾದರೂ ಬೇಕು. ಇನ್ಹೇಲರಿನ ಔಷಧಿ ಬೇಕಾದ ಜಾಗಕ್ಕೇ ಬೀಳುವುದರಿಂದ ಅತ್ಯಲ್ಪ ಪ್ರಮಾಣ ಸಾಕು, ಕೆಲವೇ ನಿಮಿಷಗಳಲ್ಲಿ ಉಸಿರು ಹಗುರಾಗುತ್ತದೆ.

ತಡೆಯುವುದು, ಬಿಡಿಸುವುದು

ಸಾಲ್ಬುಟಮಾಲ್ ಬಿಗಿದ ಸ್ನಾಯುವನ್ನು ಬಿಡಿಸುತ್ತದೆ. ಒಳಗಿನ ಊತವನ್ನು ಮುಟ್ಟುವುದಿಲ್ಲ. ಊತ ಇಳಿಸುವುದು ಬುಡೆಸೊನೈಡ್, ಬೆಕ್ಲೊಮೆಥಾಸೋನ್‌ನಂಥ ಸ್ಟಿರಾಯ್ಡ್ ಇನ್ಹೇಲರ್. ಇದು 1972ರಿಂದ ಬಳಕೆಯಲ್ಲಿದೆ. ತೆಗೆದುಕೊಂಡ ಕೂಡಲೇ ಏನೂ ಅನಿಸದಿರುವುದೇ ಇದರ ದುರದೃಷ್ಟ. ತಕ್ಷಣ ಸುಖ ಕೊಡುವುದನ್ನು ಜನ ಉಳಿಸಿಕೊಳ್ಳುತ್ತಾರೆ, ನಿಜಕ್ಕೂ ಕಾಪಾಡುವುದನ್ನು ನಿಲ್ಲಿಸಿಬಿಡುತ್ತಾರೆ. ಉಬ್ಬಸದ ಚಿಕಿತ್ಸೆಗೆ ಜಾಗತಿಕ ಮಾರ್ಗಸೂಚಿ ರೂಪಿಸುವ ‘ಜೀನಾ’ 2019ರಲ್ಲಿ ಸ್ಪಷ್ಟವಾಗಿ ಹೇಳಿತು: ದೊಡ್ಡವರಿಗೂ ಹದಿಹರೆಯದವರಿಗೂ ಸಾಲ್ಬುಟಮಾಲ್ ಒಂದನ್ನೇ ಕೊಡುವ ಚಿಕಿತ್ಸೆ ಇನ್ನು ಬೇಡ, ಜೊತೆಗೆ ಊತ ಇಳಿಸುವ ಔಷಧಿ ಇರಲೇಬೇಕು.

ಸ್ಟಿರಾಯ್ಡ್ ಎಂಬ ಹೆಸರು ಕೇಳಿ ಅನೇಕ ತಂದೆತಾಯಿಯರು ಬೆಚ್ಚುತ್ತಾರೆ. ಇನ್ಹೇಲರಿನ ಒಂದು ಒತ್ತಿಗೆ ಸಿಗುವುದು ಸಾಮಾನ್ಯವಾಗಿ 100ರಿಂದ 200 ಮೈಕ್ರೊಗ್ರಾಂ. ಅದನ್ನು ಬಿಟ್ಟು, ಉಬ್ಬಸ ಕೆರಳಿ ಆಸ್ಪತ್ರೆಗೆ ಹೋದ ದಿನ ದೊಡ್ಡವರಿಗೆ ಕೊಡುವ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಗುಳಿಗೆ 40 ಮಿಲಿಗ್ರಾಂ ಇರಬಹುದು. ದಿನವೂ ಸ್ಟಿರಾಯ್ಡ್ ಇನ್ಹೇಲರ್ ಬಳಸುವ ಮಕ್ಕಳ ಎತ್ತರ ಸುಮಾರು ಒಂದು ಸೆಂಟಿಮೀಟರ್ ಕಡಿಮೆಯಾಗಬಹುದು ಎಂಬುದು ನಿಜ. ರಾತ್ರಿ ನಿದ್ದೆಯಿಲ್ಲದೆ, ಆಟವಿಲ್ಲದೆ, ಪದೇಪದೇ ಶಾಲೆ ತಪ್ಪಿಸಿಕೊಂಡು ಬೆಳೆಯುವ ಮಗುವಿನ ನಷ್ಟದ ಮುಂದೆ ಅದು ಬಹಳ ಚಿಕ್ಕದು. ಬಾಯಲ್ಲಿ ಬಿಳಿ ಹುಣ್ಣಾಗದಂತೆ ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಉಗುಳಿದರೆ ಸಾಕು.

ನಮ್ಮ ಗಾಳಿ, ನಮ್ಮ ಮನೆ

ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ ಮಕ್ಕಳನ್ನು ಎರಡು ದಶಕ ಗಮನಿಸಿದರು. 1979ರಲ್ಲಿ ಅವರಲ್ಲಿ ಶೇ 9ರಷ್ಟಿದ್ದ ಉಬ್ಬಸ 1999ರ ಹೊತ್ತಿಗೆ ಶೇ 29.5ಕ್ಕೆ ಏರಿತ್ತು. ವಾಹನ, ಕಟ್ಟಡದ ಧೂಳು ಬೆಳೆದ ಕಾಲವೇ ಅದು. 1950ರ ದಶಕದಲ್ಲಿ ಪುಣೆಯ ಬಳಿ ಕಾಣಿಸಿಕೊಂಡು ನಮ್ಮ ಖಾಲಿ ನಿವೇಶನಗಳನ್ನೆಲ್ಲ ಆವರಿಸಿದ ಪಾರ್ಥೇನಿಯಂನ ಪರಾಗವೂ ಅಲರ್ಜಿಯನ್ನು ಹೆಚ್ಚಿಸಿದೆ.

ಹಳ್ಳಿಯ ಗಾಳಿ ಶುದ್ಧ ಎಂದು ನೆಮ್ಮದಿಯಾಗಿರುವಂತಿಲ್ಲ. ತೊಗರಿ, ಮೆಕ್ಕೆಜೋಳ ಒಕ್ಕುವ ಸುಗ್ಗಿಯ ಹೊಟ್ಟು, ಮಲೆನಾಡಿನ ಮಳೆಗಾಲದ ಬೂಷ್ಟು, ಜಿನ್ನಿಂಗ್ ಮಿಲ್ಲಿನ ಹತ್ತಿಯ ನವಿರು, ಎಲ್ಲಕ್ಕಿಂತ ಮಿಗಿಲಾಗಿ ಸೌದೆ ಒಲೆಯ ಹೊಗೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿ 1974ರಲ್ಲಿ ಹುಟ್ಟುಹಾಕಿದ ‘ಅಸ್ತ್ರ’ ಕೇಂದ್ರ ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸುವ ಒಲೆಯನ್ನು ಹಳ್ಳಿಗಳಿಗೆ ಕೊಟ್ಟದ್ದು ಹೆಂಗಸರ ಎದೆಯ ಕಾಳಜಿಯಿಂದಲೂ ಹೌದು. ಈಗ ಗ್ಯಾಸ್ ಬಂದ ಮನೆಯಲ್ಲೂ ಸ್ನಾನದ ನೀರು ಸೌದೆಯಲ್ಲೇ ಕಾಯುತ್ತದೆ. ನಗರದ ಮನೆಗಳಲ್ಲಿ ಸೊಳ್ಳೆಬತ್ತಿ, ಊದುಬತ್ತಿ, ಬೀಡಿ-ಸಿಗರೇಟು ಅದೇ ಕೆಲಸ ಮಾಡುತ್ತವೆ. ಹಾಸಿಗೆ, ಕೌದಿ, ದಿಂಬಿನಲ್ಲಿ ಸೇರುವ ಧೂಳುಹುಳ ಕಣ್ಣಿಗೆ ಕಾಣದು. ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಹಬ್ಬಕ್ಕೆ ಮನೆಯ ಧೂಳು ಹೊಡೆಯುವ ದಿನ ಉಬ್ಬಸದವರು ಹೊರಗಿರಲಿ. ಬಾಳೆಹಣ್ಣು, ಮೊಸರನ್ನು ಎಲ್ಲ ಮಕ್ಕಳಿಗೂ ಬಿಡಿಸಬೇಕಾಗಿಲ್ಲ. ತಿಂದಾಗಲೆಲ್ಲ ತೊಂದರೆಯಾಗುವುದು ಖಾತ್ರಿಯಾದರೆ ಮಾತ್ರ ಬಿಟ್ಟರಾಯಿತು.

ಮೃಗಶಿರ ಮಳೆ ಕೂಡುವ ದಿನ ಹೈದರಾಬಾದಿನ ನಾಂಪಲ್ಲಿ ಮೈದಾನದಲ್ಲಿ ಉಬ್ಬಸಕ್ಕೆಂದು ಕೊಡುವ ಮೀನಿನ ಮದ್ದಿಗಾಗಿ ಸೇರುವ ಸಾವಿರಾರು ಜನರಲ್ಲಿ ನಮ್ಮ ಬೀದರ್, ಕಲಬುರಗಿ, ರಾಯಚೂರಿನವರೂ ಇರುತ್ತಾರೆ. ಅವರ ಸಂಕಟ ದೊಡ್ಡದು, ಆಸೆ ಸಹಜ. ಆದರೆ ಉಬ್ಬಸ ತಾನಾಗಿಯೇ ಏರಿಳಿಯುವ ಕಾಯಿಲೆ. ಕೆಲವು ತಿಂಗಳು ಇಳಿದಾಗ ಅದರ ಶ್ರೇಯ ಹಿಂದೆ ತೆಗೆದುಕೊಂಡ ಯಾವುದಕ್ಕಾದರೂ ಸಲ್ಲುತ್ತದೆ. ಆ ನಂಬಿಕೆಯಲ್ಲಿ ದಿನದ ಇನ್ಹೇಲರ್ ನಿಲ್ಲಿಸಿದರೆ ಅಪಾಯ.

ಎಳೆಯುವ ರೀತಿ, ಎಚ್ಚರಿಕೆಯ ಗುರುತು

ಇನ್ಹೇಲರ್ ಇದ್ದೂ ಗುಣ ಕಾಣದವರಲ್ಲಿ ಅನೇಕರು ತಪ್ಪಾಗಿ ಎಳೆಯುತ್ತಿರುತ್ತಾರೆ. ಒತ್ತುವ ಇನ್ಹೇಲರನ್ನು ಕುಲುಕಿ, ಪೂರ್ತಿ ಉಸಿರು ಬಿಟ್ಟು, ತುಟಿ ಬಿಗಿಹಿಡಿದು, ನಿಧಾನವಾಗಿ ಎಳೆಯಲು ಶುರುಮಾಡಿದಾಗ ಒತ್ತಬೇಕು. ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಪುಡಿ ಇರುವ ಕ್ಯಾಪ್ಸೂಲಿನ ಸಾಧನವಾದರೆ ಇದಕ್ಕೆ ತದ್ವಿರುದ್ಧ: ಜೋರಾಗಿ, ಆಳವಾಗಿ ಎಳೆಯಬೇಕು. ಆ ಕ್ಯಾಪ್ಸೂಲನ್ನು ನುಂಗಬಾರದು. ಮಕ್ಕಳಿಗೂ ವಯಸ್ಸಾದವರಿಗೂ ಒತ್ತುವ ಇನ್ಹೇಲರಿಗೆ ಔಷಧಿಯನ್ನು ಕ್ಷಣಕಾಲ ಹಿಡಿದಿಡುವ ಕೊಳವೆ, ಅಂದರೆ ಸ್ಪೇಸರ್ ಜೋಡಿಸಬೇಕು. ಸ್ಪೇಸರ್ ಸಿಗದಾಗ 500 ಮಿಲಿಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳದಲ್ಲಿ ಇನ್ಹೇಲರಿಗೆ ಸರಿಯಾಗಿ ಹೊಂದುವ ತೂತು ಮಾಡಿಕೊಂಡರೂ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ದಕ್ಷಿಣ ಆಫ್ರಿಕದ ಕೇಪ್‌ಟೌನಿನ ವೈದ್ಯರು 1999ರಲ್ಲೇ ತೋರಿಸಿದ್ದಾರೆ.

ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಯಾದರೆ, ಉಸಿರೆಳೆದಾಗ ಪಕ್ಕೆಲುಬಿನ ನಡುವೆ ಗುಳಿ ಬಿದ್ದರೆ, ಇನ್ಹೇಲರಿಗೆ ಬಗ್ಗದಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಅಲ್ಲಿಯವರೆಗೆ ಮಲಗಿಸಬೇಡಿ, ನೆಟ್ಟಗೆ ಕೂರಿಸಿ, ಸ್ಪೇಸರ್ ಮೂಲಕ ಔಷಧಿ ಕೊಡುತ್ತಿರಿ. ಸುಂಯ್ ಸದ್ದು ಇದ್ದಕ್ಕಿದ್ದಂತೆ ನಿಂತು ರೋಗಿ ಸುಸ್ತಾದರೆ ಅದು ಗುಣವಾದ ಲಕ್ಷಣವೆಂದು ತಿಳಿಯಬೇಡಿ. ಗಾಳಿ ಆಡುವುದೇ ನಿಂತಿರಬಹುದು. ಐವತ್ತು ದಾಟಿದವರಿಗೆ ಮೊದಲ ಬಾರಿಗೆ ರಾತ್ರಿ ಉಬ್ಬಸ ಬಂದು, ಕಾಲು ಊದಿದ್ದರೆ ಹೃದಯವನ್ನೂ ಪರೀಕ್ಷಿಸಬೇಕು. ಹೃದಯ ಸೋತಾಗ ಶ್ವಾಸಕೋಶದಲ್ಲಿ ನೀರು ತುಂಬಿ ಇಂಥದೇ ಸದ್ದು ಬರುತ್ತದೆ. ರಕ್ತದೊತ್ತಡಕ್ಕೆ ಕೊಡುವ ಕೆಲವು ಬೀಟಾ ಬ್ಲಾಕರ್ ಗುಳಿಗೆಗಳು, ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್ ಕಣ್ಣಿನ ಹನಿ ಕೂಡ ಉಬ್ಬಸ ಕೆರಳಿಸಬಲ್ಲವು. ಯಾವ ವೈದ್ಯರ ಬಳಿ ಹೋದರೂ ‘ನನಗೆ ಉಬ್ಬಸ ಇದೆ’ ಎಂದು ಮೊದಲೇ ಹೇಳಿಬಿಡಿ.

ಬಚ್ಚಿಡುವ ಕಾಯಿಲೆಯಲ್ಲ

2019ರ ಅಂದಾಜಿನಂತೆ ಉಬ್ಬಸದಿಂದ ಜಗತ್ತಿನಲ್ಲಿ ಒಂದೇ ವರ್ಷ ಸುಮಾರು 4.55 ಲಕ್ಷ ಜನ ಸತ್ತರು. ಹೆಚ್ಚಿನವರು ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ಔಷಧಿ ಗೊತ್ತಿದ್ದೂ ಕೈಗೆ ಸಿಗದೆ, ಸಿಕ್ಕರೂ ಹೆದರಿ ಬಳಸದೆ ಆಗುವ ಸಾವುಗಳಿವು. ಚಿಕಿತ್ಸೆ ಸರಿಯಿದ್ದರೆ ಈ ಕಾಯಿಲೆ ಯಾರ ದಾರಿಗೂ ಅಡ್ಡ ಬರಬೇಕಾಗಿಲ್ಲ. ಉಬ್ಬಸವಿದ್ದ ಅಮೆರಿಕದ ಅಥ್ಲೀಟ್ ಜಾಕಿ ಜಾಯ್ನರ್ ಕರ್ಸಿ 1988ರ ಸೋಲ್ ಒಲಿಂಪಿಕ್ಸ್‌ನ ಹೆಪ್ಟಾಥ್ಲಾನ್‌ನಲ್ಲಿ ಗಳಿಸಿದ 7,291 ಅಂಕಗಳ ವಿಶ್ವದಾಖಲೆಯನ್ನು ದಶಕಗಳು ಕಳೆದರೂ ಯಾರೂ ಮುರಿದಿಲ್ಲ.

ಬುಡೆಸೊನೈಡ್ ಇನ್ಹೇಲರ್ ನಮ್ಮ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲೇ ಇದೆ. ಅದು ಪಟ್ಟಿಯಲ್ಲಿ ಉಳಿದರೆ ಸಾಲದು, ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗಬೇಕು. ಎಳೆಯುವ ರೀತಿಯನ್ನು ಅಲ್ಲಿನ ನರ್ಸ್, ಊರಿನ ಆಶಾ ಕಾರ್ಯಕರ್ತೆ ಕೂತು ಕಲಿಸಬೇಕು. ಶಾಲೆಯ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಒಂದು ಇನ್ಹೇಲರ್, ಒಂದು ಸ್ಪೇಸರ್ ಇರಬೇಕು, ಮೇಷ್ಟರಿಗೆ ಅದರ ಬಳಕೆ ಗೊತ್ತಿರಬೇಕು. ಇದು ಕೇಳಿ ಪಡೆಯಬೇಕಾದ ಹಕ್ಕು. ಗ್ರಾಮಸಭೆಯಲ್ಲಿ, ಶಾಲೆಯ ಪೋಷಕರ ಸಭೆಯಲ್ಲಿ ಈ ಮಾತು ಎತ್ತೋಣ. ಮನೆಯಲ್ಲಿ ಉಬ್ಬಸದವರಿದ್ದರೆ ಮುಂದಿನ ಸಲ ವೈದ್ಯರನ್ನು ಕಂಡಾಗ ಎರಡೇ ಪ್ರಶ್ನೆ ಕೇಳೋಣ: ‘ಊತ ಇಳಿಸುವ ಇನ್ಹೇಲರ್ ಯಾವುದು? ನಾನು ಎಳೆಯುವುದು ಸರಿಯಾಗಿದೆಯೇ, ನೋಡುತ್ತೀರಾ?’