ಅರೆತಲೆನೋವು: ನೆಪವಲ್ಲ, ಕಾಯಿಲೆ

ಮಾರ್ಚ್ ತಿಂಗಳು ಬಂತೆಂದರೆ ಯಾದಗಿರಿ ಜಿಲ್ಲೆಯ ನಾರಾಯಣಪುರದಲ್ಲಿ ಎರಡು ಬಗೆಯ ಕಾವು ಒಟ್ಟಿಗೇ ಏರುತ್ತದೆ. ಒಂದು ಬಿಸಿಲಿನದು, ಇನ್ನೊಂದು ಪರೀಕ್ಷೆಯದು. ಕೃಷ್ಣೆಗೆ ಕಟ್ಟಿದ ಬಸವಸಾಗರದ ನೀರಿನ ಮೇಲೆ ಬಿದ್ದ ಬಿಸಿಲು ಕಣ್ಣು ಕುಕ್ಕುತ್ತದೆ. ಇಂಥ ದಿನ ಬೆಳಗಿನ ರೊಟ್ಟಿ ಬಿಟ್ಟು ಶಾಲೆಗೆ ಓಡಿದ ಹುಡುಗಿಯೊಬ್ಬಳು ಮಧ್ಯಾಹ್ನ ತಲೆ ಹಿಡಿದುಕೊಂಡು ಮನೆಗೆ ಬರುತ್ತಾಳೆ ಎಂದಿಟ್ಟುಕೊಳ್ಳೋಣ. ಅವಳಿಗೆ ಬೆಳಕು ಬೇಡ, ಮಾತು ಬೇಡ, ಒಗ್ಗರಣೆಯ ವಾಸನೆಯೂ ಬೇಡ. ವಾಂತಿಯಾಗಿ, ಕತ್ತಲೆ ಕೋಣೆಯಲ್ಲಿ ಮಲಗಿ ಎದ್ದರೆ ಸಂಜೆಗೆ ಏನೂ ಆಗಿಲ್ಲವೆಂಬಂತೆ ಓಡಾಡುತ್ತಾಳೆ. 'ಪರೀಕ್ಷಾ ಬಂದ್ರ ಸಾಕು, ಇಕಿಗೆ ತಲಿ ನೋಯ್ತದ' ಎಂದು ಮನೆಯವರು ಗೊಣಗುತ್ತಾರೆ. ಇಲ್ಲವೇ ದೃಷ್ಟಿ ತೆಗೆಯುತ್ತಾರೆ. ಅವಳದು ನೆಪವೂ ಅಲ್ಲ, ದೃಷ್ಟಿಯೂ ಅಲ್ಲ. ಅದು ಮೈಗ್ರೇನ್ ಆಗಿರುವ ಸಾಧ್ಯತೆಯೇ ಹೆಚ್ಚು.

ಕನ್ನಡದ ಅರೆತಲೆನೋವು, ಆಯುರ್ವೇದದ ಅರ್ಧಾವಭೇದಕ, ಗ್ರೀಕರ ಹೆಮಿಕ್ರೇನಿಯಾ ಮೂರೂ ತಲೆಯ ಅರ್ಧಭಾಗದ ನೋವನ್ನೇ ಹೇಳುತ್ತವೆ. ಆ ಗ್ರೀಕ್ ಪದವೇ ಸವೆದು ಫ್ರೆಂಚಿನಲ್ಲಿ ಮೈಗ್ರೇನ್ ಆಯಿತು. ಆದರೆ ಮಕ್ಕಳಲ್ಲಿ ನೋವು ಹಣೆಯ ಎರಡೂ ಬದಿಗೆ ಬರುವುದು ಸಾಮಾನ್ಯ. ಹೀಗಾಗಿ ಹೆಸರನ್ನು ನಂಬಿ ಕಾಯಿಲೆಯನ್ನು ಗುರುತಿಸದೆ ಬಿಡುವುದುಂಟು.

ತಲೆಯೊಳಗೆ ನಡೆಯುವುದೇನು?

ಮೈಗ್ರೇನ್ ಇರುವವರ ಮೆದುಳು ಬದಲಾವಣೆಗಳಿಗೆ ಬೇಗ ಕೆರಳುತ್ತದೆ. ಈ ಗುಣ ಬಹುಮಟ್ಟಿಗೆ ವಂಶದಿಂದ ಬರುತ್ತದೆ. ಕೆರಳಿದಾಗ ಮುಖ ಮತ್ತು ಮೆದುಳಿನ ಹೊದಿಕೆಗೆ ಸಂಬಂಧಿಸಿದ ಟ್ರೈಜೆಮಿನಲ್ ಎಂಬ ನರದಿಂದ ಸಿ.ಜಿ.ಆರ್.ಪಿ. ಮುಂತಾದ ರಾಸಾಯನಿಕಗಳು ಹೊರಬಂದು ನೋವನ್ನು ಹುಟ್ಟಿಸುತ್ತವೆ. ಕೆಲವರಿಗೆ ನೋವಿಗೆ ಮುನ್ನ ಕಣ್ಣೆದುರು ಮಿಂಚಿನ ಗೆರೆ ಕಾಣಿಸಿ ಒಂದು ಗಂಟೆಯೊಳಗೆ ಮಾಯವಾಗುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ದೊಡ್ಡವರಲ್ಲಿ ನೋವು 4ರಿಂದ 72 ಗಂಟೆ ಇರಬಹುದು. ಮಕ್ಕಳಲ್ಲಿ ಇನ್ನೂ ಬೇಗ ಇಳಿಯಬಹುದು. 'ಸಂಜೆಗೆ ಸರಿಹೋಯಿತಲ್ಲ' ಎಂಬ ಅನುಮಾನಕ್ಕೆ ಇದೇ ಉತ್ತರ.

ಇದು ಅಪರೂಪದ ಕಾಯಿಲೆಯಲ್ಲ. ಬೆಂಗಳೂರು ನಗರ ಮತ್ತು ಸುತ್ತಲಿನ ಗ್ರಾಮಗಳ 18ರಿಂದ 65 ವರ್ಷದ 2,329 ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿದ ನಿಮ್ಹಾನ್ಸ್ ತಂಡದ ವರದಿ 2015ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಅವಧಿಯಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್ ಕಾಡಿತ್ತು. ಹೆಂಗಸರಲ್ಲಿ ಮತ್ತು ಹಳ್ಳಿಯವರಲ್ಲಿ ಅದು ಹೆಚ್ಚಾಗಿತ್ತು.

ಕೆರಳಿಸುವ ಸಂಗತಿಗಳು

ಹೊತ್ತಿಗೆ ಸರಿಯಾಗಿ ಉಣ್ಣದಿರುವುದು, ನಿದ್ದೆಗೆಡುವುದು, ನೀರು ಕಡಿಮೆ ಕುಡಿಯುವುದು, ಬಿಸಿಲು, ಮಾನಸಿಕ ಒತ್ತಡ, ಹುಡುಗಿಯರಿಗೆ ಮುಟ್ಟಿನ ದಿನಗಳು, ಇವು ಪ್ರಮುಖವಾದವು. ನಮ್ಮ ದೇಶದ್ದೇ ಆದ ಇನ್ನೊಂದು ಕಾರಣವೂ ಉಂಟು. ತಲೆಗೆ ಎರೆದುಕೊಂಡ ಮೇಲೆ ನೋವು ಶುರುವಾಗುವ 94 ರೋಗಿಗಳ ವಿವರವನ್ನು ಮುಂಬಯಿಯ ವೈದ್ಯ ಕೆ. ರವಿಶಂಕರ್ 2006ರಲ್ಲಿ ಪ್ರಕಟಿಸಿದರು. ಎಲ್ಲರಿಗೂ ಎಲ್ಲವೂ ಆಗಿಬರುವುದಿಲ್ಲ ಎಂದೇನಿಲ್ಲ. ಆದ್ದರಿಂದ ಒಂದು ನೋಟ್‌ಬುಕ್ಕಿನಲ್ಲಿ ನೋವು ಬಂದ ದಿನ, ಹೊತ್ತು, ಅಂದಿನ ಊಟ, ನಿದ್ದೆ, ನುಂಗಿದ ಮಾತ್ರೆ ಇವನ್ನು ಎರಡು ತಿಂಗಳು ಬರೆದಿಟ್ಟರೆ ತನ್ನ ಶತ್ರು ಯಾರೆಂಬುದು ಮಗುವಿಗೇ ತಿಳಿಯುತ್ತದೆ. ವೈದ್ಯರಿಗೂ ಅದು ದೊಡ್ಡ ನೆರವು.

ಚಿಕಿತ್ಸೆ

ಸಹಿಸಿ ಸಹಿಸಿ ಕೊನೆಗೆ ಮಾತ್ರೆ ನುಂಗುವುದು ತಪ್ಪು. ನೋವು ಬಲಿತಾಗ ಜಠರದ ಚಲನೆ ನಿಧಾನವಾಗಿ ಔಷಧಿ ಬೇಗ ರಕ್ತಕ್ಕೆ ಸೇರುವುದಿಲ್ಲ. ವೈದ್ಯರು ಮಗುವಿನ ತೂಕ ನೋಡಿ ಹೇಳಿದ ಪ್ರಮಾಣದ ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೆನ್ ಅನ್ನು ಆರಂಭದಲ್ಲೇ ಕೊಟ್ಟು, ಕತ್ತಲೆಯಲ್ಲಿ ಮಲಗಿಸಬೇಕು. 16 ವರ್ಷದೊಳಗಿನವರಿಗೆ ಆಸ್ಪಿರಿನ್ ಬೇಡ. ಇವುಗಳಿಂದ ಬಗ್ಗದ ನೋವಿಗೆ ವೈದ್ಯರು ಬರೆದುಕೊಡುವ ಟ್ರಿಪ್ಟಾನ್ ಔಷಧಿಗಳಿವೆ.

ಆದರೆ ಅಂಗಡಿಯ ಮಾತ್ರೆಯೇ ನಿತ್ಯದ ಅಭ್ಯಾಸವಾಗಬಾರದು. ತಿಂಗಳಿಗೆ 15 ಅಥವಾ ಹೆಚ್ಚು ದಿನ ನೋವಿನ ಮಾತ್ರೆ ನುಂಗುತ್ತಾ ಹೋದರೆ ಮಾತ್ರೆಯಿಂದಲೇ ತಲೆನೋವು ಹುಟ್ಟಬಹುದು. ವಾರಕ್ಕೆ ಎರಡು ದಿನ ದಾಟಿದರೆ ವೈದ್ಯರನ್ನು ಕಾಣುವುದು ಒಳಿತು.

ಪದೇ ಪದೇ ಬರುವ ನೋವಿಗೆ ತಡೆಯುವ ಔಷಧಿಗಳೂ ಇವೆ. ಅಮೆರಿಕದಲ್ಲಿ 8ರಿಂದ 17 ವರ್ಷದವರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅಂಥ ಎರಡು ಔಷಧಿಗಳು ಬರಿಯ ಹುಸಿಗುಳಿಗೆಗಿಂತ ಮೇಲೆನಿಸಲಿಲ್ಲ. ಸೋಜಿಗವೆಂದರೆ ಮೂರೂ ಗುಂಪುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ನೋವಿನ ದಿನಗಳು ಅರ್ಧಕ್ಕೆ ಇಳಿದವು. ಮಕ್ಕಳ ಮೈಗ್ರೇನ್ ಸುಧಾರಿಸುತ್ತದೆ ಎಂಬ ಭರವಸೆಗೆ ಇದು ಸಾಕು. ನಿಯಮಿತ ಊಟ, ನಿದ್ದೆ, ನೀರು ಮೊದಲ ಮದ್ದು.

ಯಾವಾಗ ತಡಮಾಡಬಾರದು?

ಸಿಡಿಲು ಬಡಿದಂತೆ ಒಮ್ಮೆಲೇ ಬಂದ ಅತಿಯಾದ ನೋವು, ಜ್ವರದೊಂದಿಗೆ ಕತ್ತು ಬಿಗಿಯುವುದು, ತಲೆಗೆ ಪೆಟ್ಟು, ಫಿಟ್ಸ್, ಕೈಕಾಲಿನ ಬಲ ಕುಂದುವುದು, ಪ್ರತಿ ಬೆಳಗ್ಗೆ ನೋವು ವಾಂತಿಯೊಂದಿಗೆ ಏಳುವುದು, ದಿನೇ ದಿನೇ ಹೆಚ್ಚುವುದು, ಇವುಗಳಲ್ಲಿ ಯಾವುದಿದ್ದರೂ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಕಣ್ಣಿನ ಪರೀಕ್ಷೆ ಮಾಡಿಸುವುದು ಒಳ್ಳೆಯದೇ; ಆದರೆ ಕನ್ನಡಕದಿಂದ ಮೈಗ್ರೇನ್ ಹೋಗುವುದಿಲ್ಲ.

ಪರೀಕ್ಷೆಯ ದಿನಗಳಲ್ಲಿ ತಂದೆತಾಯಿಗಳು ಮಾಡಬಹುದಾದದ್ದು ಸಣ್ಣದು, ಆದರೆ ಬೆಲೆಯುಳ್ಳದ್ದು. ರಾತ್ರಿ ಹನ್ನೆರಡರವರೆಗೆ ಓದಿಸುವ ಬದಲು ಮಲಗಿಸಲಿ. ಹೊರಡುವ ಮುನ್ನ ರೊಟ್ಟಿ ತಿನ್ನಿಸಿ, ಚೀಲದಲ್ಲಿ ನೀರಿನ ಬಾಟಲಿ, ತಲೆಗೊಂದು ಟೋಪಿ ಅಥವಾ ಸೆರಗು ಇರಲಿ. ಎಲ್ಲಕ್ಕೂ ಮಿಗಿಲಾಗಿ, 'ತಲೆನೋವು' ಎಂದು ಮಗು ಹೇಳಿದಾಗ ನಂಬಲಿ. ನಂಬಿಕೆಯಿದ್ದ ಮನೆಯಲ್ಲಿ ಮಗು ಮೊದಲ ಸೆಳೆತದಲ್ಲೇ ಹೇಳುತ್ತದೆ. ಚಿಕಿತ್ಸೆ ಫಲಿಸುವುದೂ ಆಗಲೇ.